ವಾಪಸ್ ತರಲಾಗದ ಸರಕು

ಬಾನುಲಿಯಲ್ಲಿ ಪೇಟೆ ಧಾರಣೆ ಓದುವುದನ್ನು ನೀವೆಲ್ಲ ಕೇಳಿದ್ದೀರಿ. ಟೊಮೆಟೊ ಕ್ವಿಂಟಾಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಅಂಕಿಗಳು ಬರುತ್ತವೆ. ಪೇಟೆಯವರ ಕಿವಿಗೆ ಬೀಳುವುದು ಗರಿಷ್ಠದ ಅಂಕಿ. ಮರುದಿನ ಪತ್ರಿಕೆಯ ತಲೆಬರಹವೂ ಅದೇ. ಅರ್ಧ ಎಕರೆ, ಮುಕ್ಕಾಲು ಎಕರೆಯಲ್ಲಿ ತರಕಾರಿ ಬೆಳೆಯುವವರು ಮಾತ್ರ ಕನಿಷ್ಠದ ಕಡೆ ಕಿವಿಗೊಟ್ಟಿರುತ್ತಾರೆ. ಅವರ ಕೈಗೆ ಸಿಗುವುದು ಹೆಚ್ಚಾಗಿ ಅದರ ಆಸುಪಾಸಿನ ಬೆಲೆಯೇ. ಒಂದೇ ಊರು, ಒಂದೇ ಬೀಜ, ಒಂದೇ ದಿನ ಕೊಯ್ದ ಹಣ್ಣು. ಆದರೂ ಒಬ್ಬರ ಮಾಲಿಗೆ ಒಂದು ಬೆಲೆ, ಇನ್ನೊಬ್ಬರ ಮಾಲಿಗೆ ಇನ್ನೊಂದು. ಇದು ಯಾಕೆ ಹೀಗೆ ಎಂಬುದರ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕೆಂದಿದ್ದೇನೆ.

ಕೋಲಾರದ ಎಪಿಎಂಸಿ ಪ್ರಾಂಗಣಕ್ಕೆ ಟೊಮೆಟೊ ಹಂಗಾಮಿನಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಒಂದು ಬೆಳಿಗ್ಗೆ ಹೋಗಿ ನಿಂತರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಪ್ರತಿ ಮಂಡಿಯ ಮುಂದೆ ಪ್ಲಾಸ್ಟಿಕ್ ಬಾಕ್ಸ್‌ಗಳ ಸಾಲು. ಬಾಕ್ಸಿಗೆ 15 ಕೆ.ಜಿ. ಲೆಕ್ಕ. ಹರಾಜು ಕೂಗುವವರು ಸಾಲಿನ ಮುಂದೆ ನಡೆಯುತ್ತಾ ಹೋಗುತ್ತಾರೆ, ಅವರ ಹಿಂದೆ ಖರೀದಿದಾರರ ಗುಂಪು. ಒಬ್ಬರು ಬಾಕ್ಸಿನ ತಳಕ್ಕೆ ಕೈ ಹಾಕಿ ಎರಡು ಹಣ್ಣು ಎತ್ತುತ್ತಾರೆ, ಒಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಇನ್ನೊಂದನ್ನು ಹಾಗೇ ಹಿಂದಕ್ಕೆ ಹಾಕುತ್ತಾರೆ. ಬೆಲೆ ಕೂಗುತ್ತಾರೆ, ಅದು ಏರುತ್ತದೆ, ನಿಲ್ಲುತ್ತದೆ, ಗುಂಪು ಮುಂದಕ್ಕೆ ಹೋಗುತ್ತದೆ. ಎರಡೂವರೆ ತಿಂಗಳು ನೀರು ಕಟ್ಟಿ, ಕಡ್ಡಿ ನೆಟ್ಟು, ದಾರ ಕಟ್ಟಿ, ಔಷಧಿ ಹೊಡೆದು ಬೆಳೆಸಿದ ಮಾಲಿನ ಬೆಲೆ ಒಂದು ನಿಮಿಷದೊಳಗೆ ತೀರ್ಮಾನವಾಗಿರುತ್ತದೆ. ಬೆಳೆದವರು ಪಕ್ಕದಲ್ಲೇ ನಿಂತಿರುತ್ತಾರೆ. ಬಾಯಿ ಬಿಡುವುದಿಲ್ಲ.

ಆ ಖರೀದಿದಾರರಿಗೆ ಬೇಕಾದದ್ದು ಒಂದು ಲಾರಿ ಮಾಲು. ಅದು ದೆಹಲಿಗೋ ಪಶ್ಚಿಮ ಬಂಗಾಳಕ್ಕೋ ಹೋಗಬೇಕು, ದಾರಿಯಲ್ಲಿ ಎರಡು ಮೂರು ದಿನ ಕಳೆಯಬೇಕು. ಹಾಗಾಗಿ ಎಲ್ಲ ಹಣ್ಣೂ ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಹದದಲ್ಲಿರಬೇಕು. ಒಂದೇ ತೋಟದ ಇನ್ನೂರು ಬಾಕ್ಸ್ ಸಾಲಾಗಿ ನಿಂತಿದ್ದರೆ ಒಂದೇ ಕೂಗಿಗೆ ಮುಗಿಯಿತು. ಅದಕ್ಕೆ ಅವರು ಎರಡು ಕಾಸು ಹೆಚ್ಚೇ ಕೊಡುತ್ತಾರೆ. ಇಲ್ಲಿ ಹನ್ನೆರಡು ಬಾಕ್ಸ್, ಅಲ್ಲಿ ಒಂಬತ್ತು ಬಾಕ್ಸ್, ಅದರಲ್ಲಿ ಮೇಲಿನದು ದಪ್ಪ, ಕೆಳಗಿನದು ಸಣ್ಣದು ಅಂತಾದರೆ ಅವನ್ನೆಲ್ಲ ಕೂಡಿಸಿ, ಮತ್ತೆ ಸುರಿದು, ಮತ್ತೆ ಆರಿಸಿ ತುಂಬಬೇಕು. ಅದರ ಕೂಲಿಯನ್ನೂ ಕೊಳೆಯುವ ಹಣ್ಣಿನ ನಷ್ಟವನ್ನೂ ಬೆಲೆಯಲ್ಲಿ ಮೊದಲೇ ಮುರಿದುಕೊಳ್ಳುತ್ತಾರೆ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಆದರೆ ಈ ವ್ಯತ್ಯಾಸ ಬೀಳುವುದು ಯಾವಾಗಲೂ ಹನ್ನೆರಡು ಬಾಕ್ಸಿನವರ ಮೇಲೆ.

ಲೆಕ್ಕವನ್ನೊಮ್ಮೆ ಬಿಡಿಸಿ ನೋಡೋಣ. ಉದಾಹರಣೆಗೆ ಇಪ್ಪತ್ತು ಬಾಕ್ಸ್ ಮಾಲು, ಬಾಕ್ಸಿಗೆ 120 ರೂಪಾಯಿ ಅಂತ ಇಟ್ಟುಕೊಳ್ಳಿ. ಒಟ್ಟು 2,400 ರೂಪಾಯಿ. ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿದರೆ 240 ಹೋಯಿತು. ಇಳಿಸುವ ಹಮಾಲಿ ಬಾಕ್ಸಿಗೆ ಐದು ರೂಪಾಯಿಯಾದರೆ ನೂರು. ಊರಿನಿಂದ ತಂದ ಗೂಡ್ಸ್ ಆಟೊಗೆ ಬಾಕ್ಸಿಗೆ ಇಪ್ಪತ್ತರಂತೆ 400. ಹಣ್ಣು ಬಿಡಿಸಲು ಬಂದ ಇಬ್ಬರು ಹೆಂಗಸರ ಕೂಲಿ 700. ಉಳಿದದ್ದು 960 ರೂಪಾಯಿ. ಮುನ್ನೂರು ಕೆ.ಜಿ. ಹಣ್ಣಿಗೆ ಇದನ್ನು ಭಾಗಿಸಿದರೆ ಕೆ.ಜಿ.ಗೆ ಮೂರು ರೂಪಾಯಿ ಇಪ್ಪತ್ತು ಪೈಸೆ. ಸಸಿ, ಗೊಬ್ಬರ, ಕಡ್ಡಿ, ಹನಿ ನೀರಾವರಿಯ ಪೈಪು, ಔಷಧಿ, ಕೊಳವೆಬಾವಿಯ ಸಾಲ ಎಲ್ಲವೂ ಆ ಮೂರು ರೂಪಾಯಿ ಇಪ್ಪತ್ತು ಪೈಸೆಯಲ್ಲಿ ತೀರಬೇಕು. ಮನೆಯವರ ದುಡಿಮೆಗೆ ಈ ಲೆಕ್ಕದಲ್ಲಿ ಒಂದು ಪೈಸೆಯನ್ನೂ ನಾನು ಸೇರಿಸಿಲ್ಲ. ಅವರು ತಾವಾಗಿಯೂ ಸೇರಿಸುವುದಿಲ್ಲ.

ಇನ್ನು ನೂರಕ್ಕೆ ಹತ್ತರ ಆ ಕಮಿಷನ್. ನಮ್ಮ ರಾಜ್ಯದ 1966ರ ಎಪಿಎಂಸಿ ಕಾಯಿದೆಯ ಪ್ರಕಾರ ಕಮಿಷನ್ ಕೊಡಬೇಕಾದವರು ಕೊಳ್ಳುವವರು, ಮಾರುವ ರೈತರಲ್ಲ. ಮಾಲು ತೂಗಿದ ದಿನವೇ ಹಣ ಕೈಗೆ ಬರಬೇಕು, ಜೊತೆಗೆ ತಕಪಟ್ಟಿ, ಅಂದರೆ ಮಾರಾಟದ ಲೆಕ್ಕದ ರಸೀದಿ, ಕೊಡಬೇಕು. ಕಾಯಿದೆ ಹೀಗೆ ಹೇಳುವುದಕ್ಕೆ ಹಿನ್ನೆಲೆಯಿದೆ. ಹಿಂದೆ ಪೇಟೆಗಳಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಬೆಲೆ ಎಷ್ಟಕ್ಕೆ ನಿಂತಿತು ಎಂಬುದು ಮಾಲಿನ ಒಡೆಯರಿಗೇ ಗೊತ್ತಾಗುತ್ತಿರಲಿಲ್ಲ. ಧರ್ಮದ ಹೆಸರಿನಲ್ಲಿ, ಕಸ ಗುಡಿಸುವವರ ಹೆಸರಿನಲ್ಲಿ, ನೀರು ಕೊಡುವವರ ಹೆಸರಿನಲ್ಲಿ ಮುರಿತಗಳು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ಕೊಟ್ಟ ವರದಿಯಲ್ಲೇ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತ್ತು. ಬಹಿರಂಗ ಹರಾಜು, ಸರಿಯಾದ ತೂಕ, ರಸೀದಿ, ಇವು ರೈತರಿಗೆ ಅಷ್ಟು ಹಿಂದಿನ ಹೋರಾಟದಿಂದ ಸಿಕ್ಕಿದ ಹಕ್ಕುಗಳು.

ಹಾಗಿದ್ದೂ ತರಕಾರಿ ಮಂಡಿಗಳಲ್ಲಿ ಇವತ್ತಿಗೂ ಬಿಳಿ ಚೀಟಿ ನಡೆಯುತ್ತಿದೆ. ಅಂಗಡಿಯ ಹೆಸರಿಲ್ಲದ, ಪರವಾನಗಿ ನಂಬರಿಲ್ಲದ ಒಂದು ತುಂಡು ಕಾಗದ. ಅದರ ಮೇಲೆ ಬಾಕ್ಸ್ ಎಷ್ಟು, ಬೆಲೆ ಎಷ್ಟು, ಮುರಿದದ್ದು ಎಷ್ಟು, ಉಳಿದದ್ದು ಎಷ್ಟು ಅಂತ ಪೆನ್ನಿನಲ್ಲಿ ಗೀಚಿರುತ್ತದೆ. ಕಮಿಷನ್ ರೈತರ ಲೆಕ್ಕದಲ್ಲೇ ಹೋಗಿರುತ್ತದೆ. ಕೆಲವು ಕಡೆ ಸೂಟು ಅಂತ ಕ್ವಿಂಟಾಲಿಗೆ ಇಂತಿಷ್ಟು ಕೆ.ಜಿ. ತೂಕದಲ್ಲೂ ಹೋಗುತ್ತದೆ. ನಾಳೆ ತಕರಾರು ಬಂದರೆ ಆ ಚೀಟಿ ಯಾವ ಕಚೇರಿಯಲ್ಲೂ ನಿಲ್ಲುವುದಿಲ್ಲ. ಬೆಳೆ ವಿಮೆಗೋ ಬ್ಯಾಂಕಿನ ಸಾಲಕ್ಕೋ ಇಷ್ಟು ಮಾರಿದ್ದೇನೆ ಅಂತ ತೋರಿಸಲೂ ಬರುವುದಿಲ್ಲ.

ಹಾಗಾದರೆ ರೈತರು ತಕಪಟ್ಟಿ ಕೇಳಿ ಪಡೆಯಬಹುದಲ್ಲ ಅಂತ ನೀವು ಕೇಳಬಹುದು. ಶ್ರೀನಿವಾಸಪುರದ ಕಡೆಯ ಒಬ್ಬ ಬೆಳೆಗಾರರನ್ನು ನಾನೂ ಹಾಗೇ ಕೇಳಿದೆ. ಅವರು, “ಆ ಮಂಡಿ ಬಿಟ್ಟು ಬೇರೆ ಕಡೆ ಹಾಕಿದ್ರೆ ನಾಳೆ ಬಾಕ್ಸ್ ಯಾರು ಕೊಡ್ತಾರೆ ಸಾರ್?” ಅಂದರು. ಖಾಲಿ ಬಾಕ್ಸ್ ಮಂಡಿಯದು. ನಾಟಿಯ ಹೊತ್ತಿಗೆ ಕೊಟ್ಟ ಮುಂಗಡ ಮಂಡಿಯದು. ಔಷಧಿ ಅಂಗಡಿಯ ಉದ್ದರಿಗೂ ಎಷ್ಟೋ ಸಲ ಮಂಡಿಯವರ ಮಾತೇ ಜಾಮೀನು. ಇದನ್ನು ಹೇಳುವಾಗ ಮಂಡಿಯವರ ಪರವಾಗಿಯೂ ಒಂದು ಮಾತು ಆಡಲೇಬೇಕು. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಮಾಡಿದರೆ ಹತ್ತು ಸಾವಿರ ಕೊಟ್ಟು ಕಳಿಸುವವರು ಅವರೇ. ಬ್ಯಾಂಕಿನ ಬಾಗಿಲು ಆ ಹೊತ್ತಿಗೆ ತೆರೆಯುವುದಿಲ್ಲ, ಹಗಲಲ್ಲಿ ತೆರೆದರೂ ಅರ್ಧ ಎಕರೆ ಗುತ್ತಿಗೆ ಭೂಮಿಯವರನ್ನು ಕೂರಿಸಿ ಮಾತಾಡಿಸುವುದು ಅಪರೂಪ. ಸಾಲ ಕೊಟ್ಟವರೂ ಅವರೇ, ಮಾಲು ಮಾರಿಸುವವರೂ ಅವರೇ ಆದಾಗ ಬೆಲೆಯ ಬಗ್ಗೆ ಎದುರು ಮಾತಾಡುವ ಧೈರ್ಯ ಯಾರಿಗೆ ಬರುತ್ತದೆ?

ನನ್ನ ಮಟ್ಟಿಗೆ ಇಡೀ ವಿಷಯ ಬಂದು ನಿಲ್ಲುವುದು ಇಲ್ಲೇ. ‘ಈ ಬೆಲೆಗೆ ಕೊಡುವುದಿಲ್ಲ’ ಅಂತ ಹೇಳಿ ಮಾಲು ವಾಪಸ್ ತರುವ ಶಕ್ತಿ ಇದ್ದವರು ಮಾತ್ರ ಮಾರಾಟ ಮಾಡುತ್ತಾರೆ. ಉಳಿದವರು ಒಪ್ಪಿಸಿ ಬರುತ್ತಾರೆ. ರಾಗಿ ಬೆಳೆದವರು ಬೆಲೆ ಬಿದ್ದರೆ ಎರಡು ತಿಂಗಳು ಮನೆಯಲ್ಲಿಟ್ಟುಕೊಳ್ಳಬಹುದು, ಕೊನೆಗೆ ಮನೆಮಂದಿಯಾದರೂ ಉಣ್ಣಬಹುದು. ಅದಕ್ಕೆ ಬೆಂಬಲ ಬೆಲೆಯೂ ಇದೆ. ಆದರೆ ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳಲ್ಲಿ ಒಂದೇ ಒಂದು ತರಕಾರಿಯೂ ಇಲ್ಲ. ಕೊಯ್ದ ಹುರುಳಿಕಾಯಿ ಮರುದಿನ ನಾರಾಗುತ್ತದೆ, ಕೊತ್ತಂಬರಿ ಮಧ್ಯಾಹ್ನಕ್ಕೇ ಬಾಡುತ್ತದೆ. ಟೊಮೆಟೊ ಮೂರು ನಾಲ್ಕು ದಿನಕ್ಕೊಮ್ಮೆ ಬಿಡಿಸಲೇಬೇಕು. ಬೆಲೆ ಇಲ್ಲವೆಂದು ಗಿಡದಲ್ಲಿ ಬಿಟ್ಟರೆ ಹಣ್ಣು ಕೊಳೆತು ಹುಳ ಬಿದ್ದು ಮುಂದಿನ ಕೊಯ್ಲೂ ಕೆಡುತ್ತದೆ. ಮಾರುಕಟ್ಟೆಗೆ ಹೋದ ಮಾಲನ್ನು ವಾಪಸ್ ತರಬೇಕೆಂದರೆ ಆಟೊ ಬಾಡಿಗೆ ಮತ್ತೊಮ್ಮೆ ಕೊಡಬೇಕು. ರಸ್ತೆ ಬದಿಗೆ ಟೊಮೆಟೊ ಸುರಿದ ಚಿತ್ರಗಳನ್ನು ಪ್ರತಿ ವರ್ಷ ಪತ್ರಿಕೆಯಲ್ಲಿ ನೋಡುತ್ತೀರಿ. ಸಿಟ್ಟಿನಿಂದ ಸುರಿದದ್ದು ಅಂತ ಬರೆಯುತ್ತಾರೆ. ಸಿಟ್ಟು ಇರುವುದು ನಿಜ. ಆದರೆ ಎಷ್ಟೋ ಸಲ ಅದು ಬರೀ ಲೆಕ್ಕ. ವಾಪಸ್ ಬಾಡಿಗೆಗಿಂತ ಸುರಿಯುವುದು ಅಗ್ಗ.

2023ರ ಜುಲೈ ನಿಮಗೆಲ್ಲ ನೆನಪಿರಬಹುದು. ಕೋಲಾರದಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ ಎರಡು ಸಾವಿರ ದಾಟಿತು. ತೋಟಕ್ಕೆ ಕಾವಲು ಹಾಕಿಕೊಂಡರು. ಟೊಮೆಟೊ ಬೆಳೆದವರೆಲ್ಲ ಲಕ್ಷಾಧೀಶರಾದರು ಎಂಬ ಮಾತು ಹಬ್ಬಿತು. ಆದರೆ ಆ ತಿಂಗಳು ಮಾಲಿದ್ದವರು ಬೇಸಿಗೆಯ ಬಿಸಿಲಿನಲ್ಲೂ ನೀರು ಉಳಿಸಿಕೊಂಡವರು, ರೋಗಕ್ಕೆ ಔಷಧಿ ಹೊಡೆಯಲು ಕೈಯಲ್ಲಿ ಕಾಸಿದ್ದವರು. ಸಣ್ಣವರಲ್ಲಿ ಹೆಚ್ಚಿನವರು ಆ ಬೆಲೆ ಕೇಳಿಕೊಂಡು ಆಗ ನಾಟಿ ಮಾಡಿದರು. ಸಸಿ ನೆಟ್ಟ ಎರಡು ತಿಂಗಳ ಮೇಲೆ ಹಣ್ಣು ಬರುತ್ತದೆ. ಅಷ್ಟರಲ್ಲಿ ನಾಸಿಕ್ ಕಡೆಯ ಹೊಸ ಬೆಳೆಯೂ ಪೇಟೆಗೆ ಬಂದಿತ್ತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೂರಿನ್ನೂರರ ಲೆಕ್ಕಕ್ಕೆ ಬಿತ್ತು. ಜುಲೈ ಬೆಲೆಯನ್ನು ಕೇಳಿದವರೂ ಸೆಪ್ಟೆಂಬರ್ ಬೆಲೆಗೆ ಮಾರಿದವರೂ ಅವರೇ. ನಡುವೆ ಅವರಿಗೆ ‘ಈ ವಾರ ಜಿಲ್ಲೆಯಲ್ಲಿ ಇಷ್ಟು ಸಾವಿರ ಎಕರೆ ನಾಟಿಯಾಗಿದೆ, ತಡೆಯಿರಿ’ ಅಂತ ಹೇಳುವವರು ಯಾರೂ ಇರಲಿಲ್ಲ. ನರ್ಸರಿಗಳು ಮಾರಿದ ಸಸಿಗಳ ಲೆಕ್ಕವನ್ನು ವಾರಕ್ಕೊಮ್ಮೆ ಒಟ್ಟು ಮಾಡಿದರೆ ಇದನ್ನು ಹೇಳಬಹುದು. ಧಾರಣೆಯ ಜೊತೆಗೆ ಈ ಬಾನುಲಿಯಲ್ಲೇ ಅದನ್ನೂ ಓದಬಹುದು. ನಿನ್ನೆಯ ಬೆಲೆಗಿಂತ ಬರುವ ಎರಡು ತಿಂಗಳ ಸೂಚನೆ ಬೆಳೆಗಾರರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗ್ರಾಹಕರು ಕೊಡುವ ಹಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗ್ರಾಹಕರು ಟೊಮೆಟೊಗೆ ಒಂದು ರೂಪಾಯಿ ಕೊಟ್ಟರೆ ರೈತರಿಗೆ ತಲುಪುವುದು ಸುಮಾರು 33 ಪೈಸೆ. ಈರುಳ್ಳಿಯಲ್ಲಿ 36 ಪೈಸೆ, ಆಲೂಗಡ್ಡೆಯಲ್ಲಿ 37 ಪೈಸೆ. ಇದು ದೊಡ್ಡವರು ಸಣ್ಣವರು ಸೇರಿದ ಸರಾಸರಿ.

ಈಗ ಅದೇ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಒಂದು ಮನೆಯನ್ನು ನೋಡಿ. ಹಿತ್ತಲಲ್ಲಿ ಎರಡು ಸೀಮೆಹಸು, ಹೊಲದಲ್ಲಿ ಅರ್ಧ ಎಕರೆ ಟೊಮೆಟೊ. ಬೆಳಿಗ್ಗೆ ಮನೆಯಾಕೆ ಐದು ಲೀಟರ್ ಹಾಲು ಹಿಡಿದು ಡೇರಿಗೆ ಹೋಗುತ್ತಾರೆ. ಡೇರಿ ಊರಲ್ಲೇ ಇದೆ, ನಡೆದರೆ ಐದು ನಿಮಿಷ. ಹಾಲನ್ನು ಅಳೆದು, ಕೊಬ್ಬಿನಂಶ ನೋಡಿ ಚೀಟಿ ಕೊಡುತ್ತಾರೆ. ಲೀಟರಿಗೆ ಎಷ್ಟು ಎಂಬುದು ಹಸು ಕರೆಯುವ ಮೊದಲೇ ಗೊತ್ತಿರುತ್ತದೆ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಬೇರೆ. ಐವತ್ತು ಲೀಟರ್ ಹಾಕುವವರಿಗೂ ಐದು ಲೀಟರ್ ಹಾಕುವವರಿಗೂ ಒಂದೇ ಬೆಲೆ. ಅದೇ ದಿನ ಅದೇ ಮನೆಯ ಯಜಮಾನರು ಹನ್ನೆರಡು ಬಾಕ್ಸ್ ಟೊಮೆಟೊ ಹಾಕಿಕೊಂಡು ಮಂಡಿಗೆ ಹೋದರೆ ಇದರಲ್ಲಿ ಒಂದೂ ಸಿಗುವುದಿಲ್ಲ. ಹಾಲೂ ಕೆಡುವ ಸರಕೇ ತಾನೆ? ಟೊಮೆಟೊಗಿಂತ ಬೇಗ ಕೆಡುತ್ತದೆ.

ವ್ಯತ್ಯಾಸ ಎಲ್ಲಿದೆ ಅಂದರೆ, ಹತ್ತು ಮನೆಯ ಹಾಲು ಒಂದೇ ಕ್ಯಾನಿಗೆ ಸುರಿದರೆ ಒಂದಾಗುತ್ತದೆ. ಹತ್ತು ಮನೆಯ ಟೊಮೆಟೊ ಸುರಿದರೆ ಒಂದಾಗುವುದಿಲ್ಲ; ದಪ್ಪದ್ದು ದಪ್ಪವಾಗೇ, ಸಣ್ಣದು ಸಣ್ಣದಾಗೇ ಉಳಿಯುತ್ತದೆ. ಹಾಗಾಗಿ ತರಕಾರಿಗೆ ಊರಿನಲ್ಲಿ ಬೇಕಾದ ಡೇರಿ ಅಂದರೆ ವಿಂಗಡಣೆಯ ಜಾಗ. ಒಂದು ಶೀಟಿನ ಮಾಡು, ಒಂದು ಸರಿಯಾದ ತಕ್ಕಡಿ, ಗಾತ್ರ ಆರಿಸುವ ಮೇಜು, ಯಾರದು ಎಷ್ಟು ಅಂತ ಬರೆದುಕೊಳ್ಳುವ ಒಬ್ಬ ಹುಡುಗ ಅಥವಾ ಹುಡುಗಿ. ಹತ್ತು ಮನೆಯ ಹನ್ನೆರಡು ಹನ್ನೆರಡು ಬಾಕ್ಸನ್ನು ಅಲ್ಲಿ ಆರಿಸಿ ಕೂಡಿಸಿದರೆ ದಪ್ಪದ್ದು ಎಪ್ಪತ್ತು ಬಾಕ್ಸ್, ನಡುಗಾತ್ರ ನಲವತ್ತು, ಸಣ್ಣದು ಹತ್ತು ಅಂತ ಆಗುತ್ತದೆ. ಆ ಎಪ್ಪತ್ತು ಬಾಕ್ಸ್ ಮಂಡಿಗೆ ಹೋದಾಗ ದೊಡ್ಡ ತೋಟದ ಸಾಲಿನಲ್ಲೇ ನಿಲ್ಲುತ್ತದೆ. ಒಂದೇ ಗಾಡಿಯಲ್ಲಿ ಹೋಗುವುದರಿಂದ ಬಾಡಿಗೆಯೂ ಇಳಿಯುತ್ತದೆ, ಐದಾರು ಮನೆಗಳ ಮುಂದೆ ಆಟೊ ನಿಂತು ನಿಂತು ಹೊರಟು ಹರಾಜು ಮುಗಿಯುವ ಹೊತ್ತಿಗೆ ಮುಟ್ಟುವುದೂ ತಪ್ಪುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಬಯಲುಸೀಮೆಯಲ್ಲಿ ಒಂದೊಂದಕ್ಕೆ ಕನಿಷ್ಠ 300 ಸದಸ್ಯರಿರಬೇಕು. ಒಳ್ಳೆಯದೇ. ಆದರೆ ಇಂಥ ಸಂಸ್ಥೆಗಳಿಗೆ ಗೊಬ್ಬರ, ಬೀಜ ಮಾರುವ ಅಂಗಡಿ ಇಡುವುದು ಸುಲಭ, ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟೊಮೆಟೊ ಆರಿಸಿ ಕಳಿಸುವುದು ಕಷ್ಟ. ಸರ್ಕಾರದ ನೆರವು ಎರಡನೆಯ ಕೆಲಸಕ್ಕೆ ಹೋಗಬೇಕು.

ನಮ್ಮಲ್ಲಿ ಈ ದಾರಿ ಹೊಸದೇನೂ ಅಲ್ಲ. 1959ರಲ್ಲಿ ತೋಟಗಾರಿಕೆಯ ದೊಡ್ಡ ಹೆಸರಾದ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಂಗಳೂರಿನ ಮಕ್ಕಳು ಅದರ ಮಳಿಗೆಯ ಬಾಳೆಹಣ್ಣು ತಿಂದೇ ಬೆಳೆದಿದ್ದಾರೆ. ಸದಸ್ಯರು ತಂದ ಮಾಲನ್ನು ತೂಗಿ, ಅವತ್ತಿನ ಬೆಲೆಯನ್ನು ಮೊದಲೇ ಹೇಳಿ ತೆಗೆದುಕೊಳ್ಳುವ ಪದ್ಧತಿ ಅದು. ಆದರೆ ತನ್ನ ಮಳಿಗೆಗಳಲ್ಲಿ ಖರ್ಚಾಗುವಷ್ಟನ್ನೇ ಅದು ಕೊಳ್ಳಬಲ್ಲದು. ಹಾಗಾಗಿ ಬೆಲೆ ಬಿದ್ದು ಪೇಟೆ ತುಂಬಿದ ದಿನ ರೈತರಿಗೆ ಅದರಲ್ಲಿ ಜಾಗ ಕಡಿಮೆ. ಮಳಿಗೆ ಹೆಚ್ಚಿದರೆ ಮಾತ್ರ ಆ ಜಾಗ ಹೆಚ್ಚುತ್ತದೆ. ಗ್ರಾಹಕರಾದ ನಾವು ಅಲ್ಲಿ ಕೊಂಡರೆ ಮಾತ್ರ ಮಳಿಗೆ ಹೆಚ್ಚುತ್ತದೆ.

ನೆರೆ ರಾಜ್ಯಗಳೂ ಬೇರೆ ಬೇರೆ ರೀತಿಯಲ್ಲಿ ಕೈ ಹಾಕಿವೆ. 1999ರ ಜನವರಿಯಲ್ಲಿ ಆಂಧ್ರದಲ್ಲಿ ರೈತು ಬಜಾರ್ ಶುರುವಾಯಿತು, ಅದೇ ವರ್ಷ ನವೆಂಬರಿನಲ್ಲಿ ತಮಿಳುನಾಡಿನ ಮದುರೆಯಲ್ಲಿ ಉಳವರ್ ಸಂದೈ. ಬೆಳೆದವರೇ ಅಂತ ಅಧಿಕಾರಿಗಳು ಪರಿಶೀಲಿಸಿ ಕೊಟ್ಟ ಗುರುತಿನ ಚೀಟಿ ತೋರಿಸಿದರೆ ಅಲ್ಲಿ ಕೂರಲು ಜಾಗ ಪುಕ್ಕಟೆ, ತಕ್ಕಡಿಯೂ ಪುಕ್ಕಟೆ. ಬೆಲೆಯನ್ನು ಬೆಳಿಗ್ಗೆಯೇ ಫಲಕದ ಮೇಲೆ ಬರೆಯುತ್ತಾರೆ. ಕೇರಳ 2020ರ ನವೆಂಬರ್ 1ರಿಂದ ಹದಿನಾರು ತರಕಾರಿ, ಹಣ್ಣು, ಗೆಡ್ಡೆಗಳಿಗೆ ತಳಬೆಲೆ ನಿಗದಿ ಮಾಡಿತು. ಉತ್ಪಾದನಾ ವೆಚ್ಚದ ಮೇಲೆ ಶೇ. 20 ಸೇರಿಸಿದ ಬೆಲೆ. ಹೊರ ರಾಜ್ಯದಿಂದ ತರಕಾರಿ ತರಿಸಿಕೊಳ್ಳುವ ಕೇರಳಕ್ಕೆ ಇದು ಸಾಧ್ಯವಾಯಿತು, ಹೊರಗೆ ಕಳಿಸುವ ನಮಗೆ ಇಡೀ ಬೆಳೆಗೆ ಹಾಗೆ ಮಾಡುವುದು ಬಹಳ ದುಬಾರಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎರಡು ಎಕರೆಗಿಂತ ಕಡಿಮೆ ಇರುವವರ ಮೊದಲ ಇಷ್ಟು ಕ್ವಿಂಟಾಲಿಗೆ ತಳಬೆಲೆ ಕೊಡುವುದು ಆಗದ ಮಾತಲ್ಲ.

ಇನ್ನು ನಮ್ಮ ವಾರದ ಸಂತೆ. ಮಂಡಿಗೆ ಹೋಗಲಾರದವರ ಮಾರುಕಟ್ಟೆ ಇದು. ಸೊಪ್ಪು, ಹೀರೇಕಾಯಿ, ಬದನೆಕಾಯಿ ತಂದು ಗೋಣಿಚೀಲ ಹಾಸಿ ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ಸು ಉಚಿತವಾಯಿತು. ಮಿತಿ ಮೀರಿದ ಮೂಟೆಗೆ ಲಗೇಜು ಟಿಕೆಟ್ ಮಾತ್ರ ಉಳಿಯಿತು. ಸಂತೆಗೆ ಬಂದು ಕೂತ ತಕ್ಷಣ ಸುಂಕದವರು ಬರುತ್ತಾರೆ. ಪಂಚಾಯಿತಿಯವರು ಸಂತೆ ಸುಂಕವನ್ನು ವರ್ಷಕ್ಕೊಮ್ಮೆ ಹರಾಜು ಹಾಕಿರುತ್ತಾರೆ, ಹಿಡಿದವರು ಆ ಹಣವನ್ನು ವಸೂಲು ಮಾಡಿಕೊಳ್ಳಬೇಕು. ಟೆಂಪೊ ತುಂಬ ಮಾಲು ತಂದ ವ್ಯಾಪಾರಿಗೂ, ನಲವತ್ತು ಕಟ್ಟು ದಂಟಿನ ಸೊಪ್ಪು ತಂದ ಅಜ್ಜಿಗೂ ಸುಂಕದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ದರದ ಫಲಕ ಹಾಕಿರುವ ಸಂತೆ ಕಡಿಮೆ.

ಸಂಜೆ ಐದೂವರೆ ಹೊತ್ತಿಗೆ ಸಂತೆಗೆ ಬಂದು ನೋಡಿ. ಬಸ್ಸು ಆರಕ್ಕೆ ಹೊರಡುತ್ತದೆ. ಸೊಪ್ಪಿಗೆ ಕೊನೆಯ ಸಲ ನೀರು ಚಿಮುಕಿಸಿ ಆಗಿದೆ. ಕೊಳ್ಳುವವರಿಗೆ ಆ ಹೊತ್ತು ಚೆನ್ನಾಗಿ ಗೊತ್ತು. “ಏನಮ್ಮ, ಇಪ್ಪತ್ತಕ್ಕೆ ಐದು ಕಟ್ಟು ಹಾಕು, ಹೆಂಗೂ ನಾಳೆಗೆ ಇರಲ್ಲ” ಅನ್ನುತ್ತಾರೆ. ಆಕೆ ಮಾತಾಡದೆ ಐದು ಕಟ್ಟು ಎತ್ತಿ ಚೀಲಕ್ಕೆ ಹಾಕುತ್ತಾರೆ. ಬೆಳಿಗ್ಗೆ ಅದೇ ಇಪ್ಪತ್ತಕ್ಕೆ ಎರಡು ಕಟ್ಟು ಕೊಟ್ಟಿದ್ದರು.

ದೊಡ್ಡ ಶೀತಲಗೃಹ ಇವರಿಗೆ ಸಿಗುವ ಮಾತಲ್ಲ. ಆದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ, ವಿದ್ಯುತ್ ಬೇಡದ ತಂಪು ಕೋಣೆಯೊಂದಿದೆ. ಇಟ್ಟಿಗೆಯ ಎರಡು ಗೋಡೆ, ನಡುವೆ ಮರಳು. ಮರಳಿಗೆ ಬೆಳಿಗ್ಗೆ ಸಂಜೆ ನೀರು ಹನಿಸಿದರೆ ಒಳಗೆ ತಂಪಾಗಿರುತ್ತದೆ. ಸೊಪ್ಪು ತರಕಾರಿ ಒಂದೆರಡು ದಿನ ಹೆಚ್ಚು ತಡೆಯುತ್ತದೆ. ಸಂತೆ ಮೈದಾನದ ಮೂಲೆಯಲ್ಲಿ ಪಂಚಾಯಿತಿ ಇಂಥದ್ದೊಂದು ಕಟ್ಟಿಸಿದರೆ ಆಕೆ ಐದು ಕಟ್ಟು ಕೇಳಿದವರಿಗೆ ‘ಇಲ್ಲಪ್ಪ, ನಾಳೆ ಪಕ್ಕದೂರ ಸಂತೆಗೆ ಒಯ್ತೀನಿ’ ಅಂತ ಹೇಳಬಹುದು.

ಹೆಂಗಸರ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ರೈತರ ಗುರುತಿನ ಚೀಟಿ, ಸಹಕಾರ ಸಂಘದ ಸದಸ್ಯತ್ವ, ಬೆಳೆ ಪರಿಹಾರ, ಎಲ್ಲಕ್ಕೂ ಮೊದಲು ಕೇಳುವುದು ಪಹಣಿ. ಪಹಣಿ ಇರುವುದು ಗಂಡನ ಹೆಸರಿನಲ್ಲಿ, ಇಲ್ಲವೇ ಮಾವನ ಹೆಸರಿನಲ್ಲಿ, ಎಷ್ಟೋ ಕಡೆ ತೀರಿಹೋದವರ ಹೆಸರಿನಲ್ಲಿ. ಪಾಲಿಗೆ, ಗುತ್ತಿಗೆಗೆ ಭೂಮಿ ಮಾಡುವವರ ಹೆಸರು ಅದರಲ್ಲಿ ಇಲ್ಲವೇ ಇಲ್ಲ. ಪೇಟೆಯ ಬೀದಿಯಲ್ಲಿ ಕೂತು ಮಾರೋಣವೆಂದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಗುರುತಿನ ಚೀಟಿ ಸಮೀಕ್ಷೆಯಲ್ಲಿ ಸಿಕ್ಕವರಿಗೆ ಮಾತ್ರ. ವಾರಕ್ಕೆರಡು ದಿನ ಬುಟ್ಟಿ ಹೊತ್ತು ಬರುವ ರೈತ ಮಹಿಳೆ ಆ ಸಮೀಕ್ಷೆಗೆ ಸಿಗುವುದಾದರೂ ಹೇಗೆ? ಬೆಳೆಯುವವರನ್ನು ಬೆಳೆಯಿಂದ ಗುರುತಿಸಬೇಕು. ಗ್ರಾಮ ಆಡಳಿತ ಅಧಿಕಾರಿಗಳು ಹೊಲಕ್ಕೆ ಹೋಗಿ, ಇಂಥವರು ಇಲ್ಲಿ ಬದನೆ ಬೆಳೆದಿದ್ದಾರೆ ಅಂತ ಬರೆದುಕೊಟ್ಟರೆ ಸಾಕಾಗಬೇಕು.

ಸಂತೆ ಸುಂಕದ ಹರಾಜು ನಮ್ಮ ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ, ಮಾರ್ಚ್ ಆಸುಪಾಸಿನಲ್ಲಿ ನಡೆಯುತ್ತದೆ. ಅದಕ್ಕೆ ಮೊದಲು ಷರತ್ತುಗಳನ್ನು ಬರೆಯುತ್ತಾರೆ. ಈ ಮಾತು ಕೇಳುತ್ತಿರುವ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಅಕ್ಕಂದಿರು, ರೈತ ಸಂಘದ ಗೆಳೆಯರು ಆ ಷರತ್ತುಗಳಲ್ಲಿ ಎರಡು ಸಾಲು ಸೇರಿಸಲು ಈ ಸಲ ಹಟ ಹಿಡಿಯಿರಿ. ತಾವೇ ಬೆಳೆದ ಎರಡು ಮೂಟೆಯ ಒಳಗಿನ ತರಕಾರಿಗೆ ಸುಂಕವಿಲ್ಲ ಎಂಬುದು ಒಂದು. ಸುಂಕದ ದರವನ್ನು ಸಂತೆಯ ಬಾಗಿಲಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿಸಬೇಕು ಎಂಬುದು ಇನ್ನೊಂದು. ಇದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ನಿಮ್ಮ ಊರಿನ ಸಭೆಯಲ್ಲಿ, ನಿಮ್ಮ ಸಹಿಯಿಂದ ಆಗುವ ಕೆಲಸ ಇದು.